ಅವ್ವನ ಕೈಗಲ್ಲು

ನಮ್ಮ ಬೆಟ್ಟದೊಳಗಿಂದ ಬರುವ ಬಿಸಿನೀರು ಕರಿಗಲ್ಲನ್ನು ತಿಂಗಳಲ್ಲಿ ಹಸಿಮಣ್ಣಿನಷ್ಟು ಮೆತ್ತಗೆ ಮಾಡುತ್ತದೆ. ಹೆಚ್ಚು ದಿನ ಬಿಟ್ಟರೆ ಅದು ಗಟ್ಟಿಯಾಗಿ ಬೇರೆ ಕಲ್ಲೇ ಆಗಿಬಿಡುತ್ತದೆ. ತಾಯಿ ತೀರಿಕೊಂಡರೆ, ಅವಳು ಬದುಕಿದ್ದಾಗ ಅಂಗೈ ಒತ್ತಿಟ್ಟ ಕಲ್ಲನ್ನು ಆ ನೀರಲ್ಲಿ ಮತ್ತೆ ನೆನೆಸಿ, ಆ ಗುರುತಿನ ಪಕ್ಕದಲ್ಲಿ ಹೆಣ್ಣುಮಕ್ಕಳು ಕೈ ಒತ್ತುವುದು ಪದ್ಧತಿ.

ಅವ್ವನ ಕಲ್ಲು ನೆನೆಹಾಕಿದ ಮೇಲೆ, ಬಲಗಡೆ ಯಾರು ಒತ್ತಬೇಕೆಂದು ಗುರವ್ವ, ಬಾಳವ್ವ ಅಕ್ಕತಂಗಿಯರು ಜಗಳಾಡಿ ಮಾತು ಬಿಟ್ಟರು. ಅವ್ವನ ವರ್ಷದ ಎಡೆಗೆ ಬೇಕಾದಾಗ ಕಲ್ಲು ಇನ್ನೂ ನೀರಲ್ಲೇ ಇತ್ತು. ಇಬ್ಬರೂ ಸೇರಿ ಎತ್ತಿದರು. ಬೆರಳಿನ ಗುಳಿಗಳಲ್ಲೆಲ್ಲ ಕೆಂಪು ಹರಳು ಬೆಳೆದು ತುಂಬಿತ್ತು.

"ನೀ ತೆಗೆದಿರ್ತಿ ಅನ್ಕೊಂಡಿದ್ದೆ," ಎಂದಳು ಬಾಳವ್ವ.

"ಬಲಗಡಿ ಬೇಕಂದಾಕಿ ನೀನ ಅಲ್ಲೇನ?" ಎನ್ನುತ್ತ ಗುರವ್ವ ಕಲ್ಲಿನ ಮೇಲೆ ಕೈಯಿಟ್ಟಳು. "ಅವ್ವನ ಕೈ ಹಿಂಗ ಬೆಚ್ಚಗಿತ್ತು, ನೋಡ."

ಬಾಳವ್ವನೂ ಮುಟ್ಟಿದಳು. "ಅದು ನೀರಿನ ಬಿಸಿ, ಅಕ್ಕಾ. ಆರಿ ಹೋಗತೈತಿ."

ಆರುವ ತನಕ ಇಬ್ಬರೂ ಕೈ ತೆಗೆಯಲಿಲ್ಲ.