ಎರಡು ಬೆರಳಿನ ಸಂದು

ಪೂರ್ತಿ ತಿರುಗಿ ನಿಂತ ಚಕ್ರದ ಹಿಂದಿನ ಸಂದಿನಲ್ಲಿ ಅವನ ಒಂದೇ ಬೆರಳು ಹಿಡಿಸಿತು. ಆದರೂ ಟೈರಂಗಡಿಯ ನೆಲದ ಮೇಲೆ ಮಂಡಿಯೂರಿದವನು ಕತ್ತೆತ್ತಿ ಷಡ್ಡಕನಿಗೆ, "ಎರಡು ಬೆರಳು ಆರಾಮಾಗಿ ಹೋಗುತ್ತೆ ಕಣೋ. ನೂರ ತೊಂಬತ್ತೈದರ ಅಗಲ ಯಾಕೆ, ಇನ್ನೂರ ಹದಿನೈದೇ ಹಾಕಿಸು. ರಸ್ತೆ ಕಚ್ಚಿ ಹಿಡಿಯುತ್ತೆ," ಅಂದ. ಅಷ್ಟು ಅಗಲದ ಟೈರು ತಿರುವಿನಲ್ಲಿ ಉಜ್ಜುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಉಜ್ಜಲಿ! ಷಡ್ಡಕನ ಈ ಕೆಂಪು ಪುಟಾಣಿ ಕಾರು ಬಂದಾಗಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ.

"ನೀವು ಹೇಳಿದ ಮೇಲೆ ಮುಗೀತಣ್ಣ," ಅಂದ ಷಡ್ಡಕ. "ಅತ್ತಿಗೆಗೂ ಇದರಲ್ಲೇ ಡ್ರೈವಿಂಗ್ ಕಲಿಸ್ತಿದ್ದೀನಿ. ನಾಳೆ ಗುಡ್ಡದ ರಸ್ತೆಗೆ ಹೋಗೋಣ ಅಂದಿದ್ದಾರೆ. ನಿಮಗೆ ಹೇಳಿಲ್ವಾ?"

ಹೆಂಡತಿ ಹೇಳಿರಲಿಲ್ಲ. ಗಂಡನ ಕಾರಿನಲ್ಲಿ ಅವಳು ಕಲಿತದ್ದು ಒಂದೇ ದಿನ. ಅವನ ಕೂಗಾಟ ತಾಳಲಾರದೆ ನಡುದಾರಿಯಲ್ಲೇ ಇಳಿದು ನಡೆದುಬಿಟ್ಟಿದ್ದಳು.

ಅಂಗಡಿಯವನು ಅಗಲದ ಟೈರು ಉರುಳಿಸಿಕೊಂಡು ಬಂದ. ಮಂಡಿಯೂರಿದ್ದವನು ಕೈ ಅಡ್ಡ ಹಿಡಿದ. "ಬೇಡಪ್ಪ, ಹಳೇ ಅಳತೇದೇ ಹಾಕು. ಇದು ಉಜ್ಜುತ್ತೆ." ಷಡ್ಡಕ ಕಣ್ಣು ಬಿಟ್ಟ. ಅವನು ಷಡ್ಡಕನತ್ತ ನೋಡದೆ ಗ್ರೀಸು ಮೆತ್ತಿದ ಬೆರಳು ಒರೆಸಿಕೊಳ್ಳುತ್ತ ಗೊಣಗಿದ: "ಗಾಬರಿಯಾದ್ರೆ ಅವಳು ಸ್ಟಿಯರಿಂಗ್ ಪೂರ್ತಿ ತಿರುಗಿಸಿಬಿಡ್ತಾಳೆ ಕಣೋ."

"ಅತ್ತಿಗೆಗೆ ಗಾಬರೀನಾ?" ಷಡ್ಡಕ ನಕ್ಕುಬಿಟ್ಟ. "ಹಾಡು ಹೇಳ್ಕೊಂಡು ಓಡಿಸ್ತಾರಣ್ಣ!"