ಕುರ್ಲಾವರೆಗಿನ ನಿದ್ದೆ

ಲೋಕಲ್ ಗಾಡಿಯ ಕಿಟಕಿ ಪಕ್ಕದ ಮನುಷ್ಯ ನಿದ್ದೆ ಮಾಡುತ್ತಿಲ್ಲ ಎಂದು ರಮಾನಾಥನಿಗೆ ಹೊಳೆಯುವಷ್ಟರಲ್ಲಿ ಜೋಕು ಬಾಯಿಂದ ಹೊರಬಿದ್ದಾಗಿತ್ತು.

"ಈಗೀಗ ಲೋಕಲ್ ಯಾಕೆ ಟೈಮಿಗೆ ಸರಿಯಾಗಿ ಬರ್ತದೆ ಗೊತ್ತುಂಟಾ? ಲೇಟಾದ್ರೆ ತನ್ನನ್ನೂ ಒಳಗೆ ಹಾಕ್ತಾರೆ ಅಂತ ಅದಕ್ಕೂ ಹೆದರಿಕೆ!"

ಪಕ್ಕದಲ್ಲಿ ನಿಂತಿದ್ದ ಗೆಳೆಯ ಕೊರಗಪ್ಪ ಗ್ರಾಂಟ್ ರೋಡಿನ ಹೋಟೆಲೊಂದರ ಮ್ಯಾನೇಜರ್. ಅವನು ಹೊಟ್ಟೆ ಕುಲುಕಿಸಿ ನಕ್ಕ. ಅದೇ ಹೊತ್ತಿಗೆ, ಕಣ್ಣು ಮುಚ್ಚಿ ಕುಳಿತಿದ್ದ ಆ ಮನುಷ್ಯನ ತುಟಿಯ ತುದಿ ಕೂದಲೆಳೆಯಷ್ಟು ಮೇಲೆ ಹೋಗಿ ಕೆಳಗಿಳಿಯಿತು. ರಮಾನಾಥ ನಗು ನಿಲ್ಲಿಸಿದ. ತುರ್ತುಪರಿಸ್ಥಿತಿ ಬಂದು ಎಂಟು ತಿಂಗಳಾಗಿತ್ತು. ರಮಾನಾಥ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್ ಆಗಿದ್ದ ಕಾಲೇಜಿನ ಗ್ರಂಥಪಾಲನನ್ನು ಇದಕ್ಕಿಂತ ಸಪ್ಪೆ ಮಾತಿಗೆ ಪೊಲೀಸರು ಕರೆದೊಯ್ದಿದ್ದರು. ಆತ ಇನ್ನೂ ಮನೆಗೆ ಬಂದಿರಲಿಲ್ಲ.

"ಅವಂದು ಕಳ್ಳನಿದ್ದೆ. ನಮ್ಮ ಮಾತು ಕೇಳ್ತಾ ಇದ್ದಾನೆ" ಎಂದು ರಮಾನಾಥ ಗೆಳೆಯನ ಕಿವಿಯಲ್ಲಿ ಹೇಳಿದ.

"ನಿನಗೆ ಭ್ರಾಂತು ಮಾರಾಯ. ನಮ್ಮ ಹೋಟೆಲಿನ ಮಾಣಿ ಐತ ನಿದ್ದೆಯಲ್ಲಿ ನಗುದು ಮಾತ್ರ ಅಲ್ಲ, ಎರಡು ಇಡ್ಲಿ ಒಂದು ವಡೆ ಅಂತ ಆರ್ಡರೂ ಕೂಗ್ತಾನೆ."

ಆದರೆ ಪರೀಕ್ಷಿಸದೆ ಒಪ್ಪುವ ಜಾತಿಯವನಲ್ಲ ರಮಾನಾಥ. ಮರುದಿನ ಮುಲುಂಡಿನಲ್ಲಿ ಹತ್ತಿದವನು ಆ ಮನುಷ್ಯನನ್ನೇ ನೋಡುತ್ತ ನಿಂತ. ನಿದ್ದೆ ಹೋದವನ ಕುತ್ತಿಗೆ ವಾಲುತ್ತದೆ, ದವಡೆ ಸಡಿಲಾಗುತ್ತದೆ, ತೊಡೆಯ ಮೇಲಿನ ಚೀಲ ಜಾರುತ್ತದೆ. ಇಲ್ಲಿ ಮೂರೂ ಇಲ್ಲ. ಉಸಿರಂತೂ ನಿಮಿಷಕ್ಕೆ ಎಂಟೇ, ನಿದ್ದೆಯಲ್ಲಿ ಹನ್ನೆರಡಾದರೂ ಇರುತ್ತದೆ. ಕೈಗಡಿಯಾರ ನೋಡಿ ಎರಡು ಸಲ ಎಣಿಸಿದ. ಥಾಣೆಯಲ್ಲಿ ಗಾಡಿ ಹತ್ತಿ ಕೂತು ಬಂದವರು ಕುರ್ಲಾದಲ್ಲಿ ಎದ್ದು ನಿಂತವರಿಗೆ ಜಾಗ ಬಿಡುವುದು ಆ ಡಬ್ಬಿಯ ರೂಢಿ. ಗಾಡಿ ಕುರ್ಲಾ ಸೇರುತ್ತಿದ್ದಂತೆ, ಯಾರೂ ಎಬ್ಬಿಸದೆ, ಆ ಮನುಷ್ಯ ಕಣ್ಣು ತೆರೆದು ಎದ್ದ. ನಿದ್ದೆ ಮಾಡುವವನಿಗೆ ಸ್ಟೇಷನ್ ಗೊತ್ತಾಗುವುದು ಹೇಗೆ?

ಎರಡು ರಾತ್ರಿ ರಮಾನಾಥ ಕಣ್ಣು ಮುಚ್ಚಲಿಲ್ಲ. ಚಾಳಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗಲೆಲ್ಲ ಎದ್ದು ಕೂತ. ಮೂರನೆಯ ದಿನ ಅವನಿಗೊಂದು ದಾರಿ ಕಂಡಿತು. ಚಾಡಿ ಹೇಳುವವನ ಮೇಲೆ ಮೊದಲೇ ಒಂದು ಚಾಡಿ ಹೋಗಿದ್ದರೆ ಅವನ ಮಾತನ್ನು ಯಾರು ನಂಬುತ್ತಾರೆ? ಗುರುವಾರ ಬೆಳಿಗ್ಗೆ ಆತನನ್ನು ಇನ್ನೊಮ್ಮೆ ಸರಿಯಾಗಿ ನೋಡಿಕೊಂಡು, ಸಂಜೆ ಪೊಲೀಸ್ ಸಾಹೇಬರಿಗೆ ಸಹಿಯಿಲ್ಲದ ಕಾಗದ ಬರೆದ. ಅವನ ಇಂಗ್ಲೀಷ್ ಅಕ್ಷರ ಕಾಲೇಜಿನ ಫೈಲುಗಳ ತುಂಬ ಇತ್ತು. ಗುರುತು ಸಿಗದಿರಲೆಂದು ಕನ್ನಡದಲ್ಲಿ ಬರೆದ. ಗಾಡಿಯ ವೇಳೆ, ಮುಂದಿನಿಂದ ಮೂರನೇ ಡಬ್ಬಿ, ಕಿಟಕಿ, ಬಲ ಹುಬ್ಬಿನ ಮೇಲಿನ ಮಚ್ಚೆ, ಕಂದು ಚೀಲ, ಒಂದನ್ನೂ ಬಿಡಲಿಲ್ಲ. ಈ ಮನುಷ್ಯ ಸರಕಾರದ ವಿರುದ್ಧ ಜೋಕು ಹೇಳಿ ಜನರನ್ನು ಕೆಡಿಸುತ್ತಿದ್ದಾನೆ ಎಂದು ಬರೆದು, ಸಾಕ್ಷಿಗೆ ತನ್ನದೇ ಜೋಕನ್ನು ಅಕ್ಷರ ಬಿಡದೆ ಇಳಿಸಿದ. ಲಕೋಟೆ ಟಪಾಲು ಡಬ್ಬಿಗೆ ಬಿದ್ದ ಮೇಲೂ ನಿದ್ದೆ ಬರಲಿಲ್ಲ.

ಶುಕ್ರವಾರ ಕೊರಗಪ್ಪ ಬಂದಿರಲಿಲ್ಲ. ದೂರ ನಿಲ್ಲಬೇಕೆಂದುಕೊಂಡ ರಮಾನಾಥನನ್ನು ಜನ ತಳ್ಳಿ ತಳ್ಳಿ ಆ ಮನುಷ್ಯನ ಮೊಳಕಾಲಿನ ಎದುರಿಗೇ ತಂದು ನಿಲ್ಲಿಸಿದರು. ಕುರ್ಲಾ ಬಂತು. ಆತ ಎದ್ದ.

"ಕೂಡ್ರಿ ಮಾಸ್ತರ. ನಾಕು ದಿನ ಆತು, ನಿಮ್ಮ ಕಣ್ಣು ಕೆಂಡ ಆಗ್ಯಾವ."

ಕನ್ನಡ! ಜೋಕು ಆತನಿಗೆ ತಿಳಿದದ್ದು ಖಾತ್ರಿಯಾಗಿ, ರಮಾನಾಥ ಕೂರದೆ ನಿಂತೇ ಕೇಳಿದ. "ನಾನು ಮಾಸ್ತರ ಅಂತ ನಿಮಗೆ ಹೇಗೆ ಗೊತ್ತು?"

"ದಿನಾ ನೀವೇ ಹೇಳ್ತೀರಲ್ರೀ, ಲ್ಯಾಬು, ಹುಡುಗ್ರು, ಒಡೆದ ಟೆಸ್ಟ್‌ಟ್ಯೂಬು ಅಂತ. ಎಲ್ಲಾ ಕೇಳಸ್ತದ."

"ಹಾಗಾದ್ರೆ ನೀವು ನಿದ್ದೆ ಮಾಡುದಿಲ್ಲ!"

"ಇಲ್ರೀ, ಯೋಗನಿದ್ರಾ. ಮೈ ಬಿಡೂದು, ಎಚ್ಚರ ಬಿಡೂದಿಲ್ಲ. ದನಿ ಬರ್ತಾವ, ಹೋಗ್ತಾವ, ಹಿಡಕೊಂಡು ಕೂಡೂದಿಲ್ಲ. ನಿಮ್ಮ ಲೋಕಲ್ ಜೋಕಿಗೆ ಮಾತ್ರ ಸೋತೆ ನೋಡ್ರಿ, ನಗು ತಡೀಲಿಲ್ಲ." ಆತ ತುಸು ಬಗ್ಗಿ ದನಿ ತಗ್ಗಿಸಿದ. "ನಾ ಅಣವೀರಪ್ಪ ಅಂತ. ನನ್ನ ಕೆಲಸ ಏನಂತ ಯಾರ ಮುಂದೂ ಹೇಳೂದಿಲ್ಲ. ನೀವೂ ನಿದ್ದಿಗೆಟ್ಟಾವ್ರು, ಅದಕ್ಕ ಹೇಳ್ತೀನಿ. ಪೊಲೀಸ್ ಕಚೇರ್ಯಾಗ ಟೈಪಿಸ್ಟ್ ಅದೀನಿ. ಹೆಸರಿಲ್ಲದ ಕಾಗದ ಬರ್ತಾವಲ್ರೀ, ಇಂಥಾಂವ ಹಿಂಗಂದ, ಅಂಥಾಂವ ಹಂಗಂದ ಅಂತ? ಕನ್ನಡದಾಗ ಇದ್ದದ್ದೆಲ್ಲಾ ನನ್ನ ಟೇಬಲ್ಲಿಗೇ. ಓದಿ, ಇಂಗ್ಲೀಷಿಗೆ ತಿರುವಿ, ಟೈಪ್ ಮಾಡಿ ಮ್ಯಾಲೆ ಕಳಸಬೇಕು. ರಾತ್ರಿ ಮಲಗಿದ್ರ ಆ ಮಂದಿ ಹೆಂಡ್ರು ಮಕ್ಕಳು ಕಣ್ಣ ಮುಂದ ಬರ್ತಾರ. ಈ ಅರ್ಧ ತಾಸು ಇರದಿದ್ರ ನನಗ ಹುಚ್ಚ ಹಿಡೀತಿತ್ತು."

ರಮಾನಾಥ ಆತ ಬಿಟ್ಟ ಜಾಗದಲ್ಲಿ ಕುಳಿತ. "ಇವತ್ತೂ... ಬರ್ತದಾ, ಕಾಗದ?"

"ಬರದೇ ಏನು ಮಾಡ್ತದ? ಟಪಾಲು ಹನ್ನೊಂದಕ್ಕ." ಅಣವೀರಪ್ಪ ಮೇಲಿನ ಹಿಡಿಕೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ರಮಾನಾಥನ ಭುಜದ ಮೇಲಿಟ್ಟ. "ಅದೆಲ್ಲಾ ಇರಲಿ. ಕಣ್ಣ ಮುಚ್ಚರಿ, ನಾ ಹೇಳಿಕೊಡ್ತೀನಿ."

ಆತನ ಮುಖ ನೋಡಲಾರದೆ ರಮಾನಾಥ ಕಣ್ಣು ಮುಚ್ಚಿದ.

"ಬಲಗೈ ಹೆಬ್ಬೆರಳಿಂದ ಸುರು ಮಾಡ್ರಿ. ಒಂದೊಂದು ಬೆರಳು ಸಡಿಲ ಬಿಡ್ರಿ... ಇಷ್ಟ್ಯಾಕ ಮುಷ್ಟಿ ಬಿಗೀತೀರಿ ಮಾಸ್ತರ? ಬಿಡ್ರಿ. ಹನ್ನೊಂದರ ಟಪಾಲಿನ ಚಿಂತಿ ನನಗಿರಲಿ, ನಿಮಗ್ಯಾಕ?"