ಗೌಡರ ಕಿಸೆಯ ಕಾಡತೂಸು

ಬಚ್ಚಲಲ್ಲಿ ನೀರು ಸುರಿದುಕೊಳ್ಳುವ ಸದ್ದು ಇನ್ನೂ ನಿಂತಿರಲಿಲ್ಲ. ಶಂಕ್ರಮ್ಮ ಗೂಟಕ್ಕೆ ತೂಗುತ್ತಿದ್ದ ಗಂಡನ ಕೋಟಿನ ಕಿಸೆಗೆ ಕೈ ಹಾಕಿದಳು. ಬೆರಳಿಗೆ ಬಂದೂಕಿನ ಕಾಡತೂಸಿನ ತಣ್ಣನೆಯ ಹಿತ್ತಾಳೆ ತಗುಲಿತು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಕಿಸೆ ಮುಟ್ಟಿದ್ದು ಇದೇ ಮೊದಲು. ಆದರೆ ಇವತ್ತು ಒಂದು ಜೀವದ ಪ್ರಶ್ನೆಯಿತ್ತು.

ಜೀವವೆಂದರೆ ಹುಲಿಗವ್ವನ ಹೋತ.

ಹೋದ ವಾರ ಬೇವೂರಿನ ಕಟ್ಟೆಯ ಮೇಲೆ ಅವಳ ಗಂಡ ದೇವೇಂದ್ರಪ್ಪಗೌಡರು ಕೂತಲ್ಲೇ ತೂಕಡಿಸಿದ್ದರು. ಹಿಂದಿನಿಂದ ಬಂದ ಹೋತ ಅವರ ರುಮಾಲಿನ ಚುಂಗು ಹಿಡಿದು ಮೇಯತೊಡಗಿತು. ಊರವರು ಬಾಯಿಗೆ ಶಲ್ಯ ಒತ್ತಿಕೊಂಡು ನೋಡಿದರೇ ಹೊರತು ಯಾರೂ ಎಬ್ಬಿಸಲಿಲ್ಲ. ಎಚ್ಚರವಾದಾಗ ತಲೆಯ ಮೇಲೆ ಅರ್ಧ ರುಮಾಲೇ ಉಳಿದಿತ್ತು.

“ಐತವಾರ ಇದಕ್ಕ ಗುಂಡ ಹೊಡೀಲಿಲ್ಲಂದ್ರ ನಾ ಗೌಡನ ಅಲ್ಲ!”

ಮಾತು ನಾಲ್ಕು ಜನರ ಮುಂದೆ ಆಡಿಬಿಟ್ಟಿದ್ದರು. ಇವತ್ತೇ ಆ ಐತವಾರ. ಗಂಡನಿಲ್ಲದ ಹುಲಿಗವ್ವನಿಗೆ ಆ ಹೋತವೇ ಗಳಿಕೆ. ಸುತ್ತಿನ ಹಳ್ಳಿಯ ಆಡುಗಳಿಗೆಲ್ಲ ಅದೇ ಮದುಮಗ. ಶಂಕ್ರಮ್ಮನಂತೂ ದಿನವೂ ಹಿತ್ತಲ ಬಾಗಿಲಲ್ಲಿ ಅದಕ್ಕೊಂದು ರೊಟ್ಟಿ ಹಾಕುತ್ತಿದ್ದಳು.

ನಿನ್ನೆಯೇ ಅವಳು ಮೆಹಬೂಬಬೀಯ ಮನೆಗೆ ಹೋಗಿದ್ದಳು. ಆಕೆಯ ಗಂಡ ನಿಜಾಮರ ಫೌಜಿನಲ್ಲಿ ಬಂದೂಕು ರಿಪೇರಿ ಮಾಡಿದವನು.

“ನೋಡ್ರಿ ಅಕ್ಕಾರ, ಕಾಡತೂಸಿನಾಗ ಎರಡು ಜಾತಿ,” ಎಂದಿದ್ದಳು ಮೆಹಬೂಬಬೀ. “ಒಂದರ ತಳದಾಗ, ನಟ್ಟನಡುವ, ಕುಂಕುಮದ ಬೊಟ್ಟಿನಂಗ ಸಣ್ಣ ಬಿಲ್ಲೆ ಇರ್ತೈತಿ. ಬಂದೂಕಿನ ಮೊಳೆ ಆ ಬೊಟ್ಟಿಗೇ ಬಡೀಬೇಕು. ಇನ್ನೊಂದರ ತಳ ಬೋಳು. ಅದರ ಕಿಡಿಮದ್ದು ಕರಿಗಡಬಿನ ಅಂಚಿನಾಗ ಹೂರಣ ಸಿಕ್ಕೊಂಡಂಗ ಸುತ್ತ ಅಂಚಿನಾಗ ಅಡಗಿರ್ತೈತಿ. ಅದಕ್ಕ ಮೊಳೆ ಅಂಚಿಗೇ ಬಡೀಬೇಕು.”

“ಅದಲಬದಲ ಹಾಕಿದ್ರ?”

“ಟಕ್ ಅಂತೈತ್ರಿ, ಅಷ್ಟ. ಗುಬ್ಬಿ ಸೈತ ಹಾರೂದಿಲ್ಲ. ಯಾಕ್ರಿ, ಗೌಡರ ಮ್ಯಾಲೆ ಸಿಟ್ಟೇನು?”

ಮಾವನವರ ಕಾಲದಲ್ಲಿ ಮನೆಯಲ್ಲಿ ಎರಡು ಸಣ್ಣ ಬಂದೂಕುಗಳಿದ್ದವು. ಒಂದು ಮಾರಿಹೋಗಿತ್ತು; ಉಳಿದದ್ದು ಯಾವ ಬಗೆಯದೋ ಅವಳಿಗೆ ಗೊತ್ತಿರಲಿಲ್ಲ. ಕಾಡತೂಸುಗಳು ಮಾತ್ರ ಎರಡೂ ಬಗೆಯವು ಕಪಾಟಿನಲ್ಲಿ ಉಳಿದಿದ್ದವು, ಗಾತ್ರವೂ ಹೆಚ್ಚುಕಡಿಮೆ ಒಂದೇ. ಲಡಾಯಿಯ ದಿನಗಳು, ಹೊಸದು ಎಲ್ಲಿಯೂ ಸಿಗುವಂತಿರಲಿಲ್ಲ.

ಶಂಕ್ರಮ್ಮ ಕಿಸೆಯಲ್ಲಿದ್ದುದನ್ನು ಬೆಳಕಿಗೆ ಹಿಡಿದಳು. ತಳದ ನಡುವೆ ಬೊಟ್ಟು. ಅಲ್ಲಿಗೆ ಮನೆಯಲ್ಲಿ ಉಳಿದದ್ದು ಬೊಟ್ಟಿಗೆ ಬಡಿಯುವ ಬಂದೂಕು! ಸರಸರನೆ ಬೊಟ್ಟಿನದನ್ನು ಕಪಾಟಿಗೆ ಸೇರಿಸಿ, ಬೋಳು ತಳದ್ದನ್ನು ಕಿಸೆಗೆ ಇಳಿಸಿದಳು.

ಗೌಡರು ಗುನುಗುತ್ತ ಬಚ್ಚಲಿನಿಂದ ಬಂದರು. ಜೀವ ತೆಗೆಯಲು ಹೊರಟವರ ಮುಖದಲ್ಲಿ ಎಳ್ಳಷ್ಟೂ ಕಳವಳವಿಲ್ಲ. ಎಂಥ ಕಲ್ಲೆದೆ, ಎಂದುಕೊಂಡಳು ಶಂಕ್ರಮ್ಮ.

ಬೇವಿನ ಮರದ ಕೆಳಗೆ ಹೋತವನ್ನು ಕಟ್ಟಿದ್ದರು. ಊರೆಲ್ಲ ನೆರೆದಿತ್ತು. ಹುಲಿಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

“ಅಳಬ್ಯಾಡಬೇ,” ಎಂದರು ಗೌಡರು, ಮೆಲ್ಲಗೆ. “ಆಯುಷ್ಯ ಗಟ್ಟಿ ಇದ್ರ ಬದುಕತೈತಿ.” ಆಮೇಲೆ ಊರಿಗೆಲ್ಲ ಕೇಳುವಂತೆ, “ಹಳೇ ಕಾಡತೂಸಪಾ, ಹಾರಿದ್ರ ಹಾರೀತು! ಆದ್ರ ನಾ ಆಡಿದ ಮಾತಿಗೆ ತಪ್ಪಾವಲ್ಲ!”

“ಗೌಡ್ರ, ಉಳಿದ ಅರ್ಧ ರುಮಾಲ ಜ್ವಾಕಿ!” ಎಂದು ಯಾರೋ ಕೂಗಿದರು.

ಗೌಡರು ಕಾಡತೂಸನ್ನು ನೋಡದೆಯೇ ಒಳಗೆ ತಳ್ಳಿದರು. ಪಟದಲ್ಲಿನ ಮಹಾರಾಜನಂತೆ ಎದೆ ಉಬ್ಬಿಸಿ, ಮೀಸೆ ತಿರುವಿ, ಬಂದೂಕನ್ನು ಹೋತದತ್ತ ಚಾಚಿ ಕುದುರೆ ಎಳೆದರು.

ಢಂ!

ಮರದ ಟೊಂಗೆಗೆ ಗುಬ್ಬಿಗಳಿಗೆಂದು ತೂಗುಬಿಟ್ಟಿದ್ದ ಮಡಕೆ ಒಡೆದು, ನೀರೆಲ್ಲ ಹೋತದ ಮೇಲೆ ಸುರಿಯಿತು. ಹೋತ ಹಗ್ಗ ಹರಿದುಕೊಂಡು, ಗೌಡರ ಹೊಟ್ಟೆಗೆ ಒಂದು ಗುದ್ದಿ, ಜನರ ಕಾಲುಗಳ ನಡುವೆ ನುಸುಳಿ ಓಡಿತು. ಹುಲಿಗವ್ವ ಅದರ ಹಿಂದೆ ಓಡಿದಳು. ಗೌಡರು ನೆಲದ ಮೇಲೆ ಕೂತುಬಿಟ್ಟಿದ್ದರು. ಮುಖ ಸುಣ್ಣದಂತೆ ಬಿಳಿಚಿತ್ತು.

ಶಂಕ್ರಮ್ಮ ನೀರಿನ ತಂಬಿಗೆ ಹಿಡಿದು ಬಂದಳು. “ಹೋತಾ ಬದುಕೇತ್ರಿ… ಗುಂಡು ಹೆಂಗ ಹಾರಿತ್ರಿ?”

ಗೌಡರು ಅವಳ ಮುಂಗೈ ಹಿಡಿದು, ಯಾರಿಗೂ ಕೇಳದಂತೆ ಪಿಸುಗುಟ್ಟಿದರು:

“ಅದನ್ನ ನಾನೂ ಕೇಳಾಕ್ಹತ್ತೇನಿ! ಇದು ಅಂಚಿಗೆ ಬಡಿಯೂ ಬಂದೂಕು… ಸಿಡೀಬಾರದಂತನ ಬೊಟ್ಟಿನ ಕಾಡತೂಸು ಆರಿಸಿ ಕಿಸೆದಾಗ ಇಟ್ಕೊಂಡಿದ್ನಲ್ಲೇ, ಶಂಕ್ರೀ!”